ನೋಡದೆ ಬರೆದ ಸೊನ್ನೆ

ಮೊನ್ನೆ ಅಬ್ಬಾನ ಅಂಗಡಿಯಲ್ಲಿ ಹೊಸ ತಾರ್ಪಾಲಿನ ಕಟ್ಟು ಬಿಚ್ಚಿದೆ. ಮಳೆಗಾಲ ಶುರುವಾಗುವ ಮೊದಲೇ ಬರುವ ಮಾಲು ಅದು. ನೀಲಿ, ಹಳದಿ, ಒಂದಿಷ್ಟು ಕಪ್ಪು. ಬಿಗಿಯಾಗಿ ಸುತ್ತಿದ ಸುರುಳಿಯ ಹಗ್ಗ ಕತ್ತರಿಸಿದ ಕೂಡಲೇ ಸೀಮೆಎಣ್ಣೆಯದೂ ಅಲ್ಲದ, ಹೊಸ ಚಪ್ಪಲಿಯದೂ ಅಲ್ಲದ ಒಂದು ವಾಸನೆ ಮುಖಕ್ಕೆ ಹೊಡೆಯುತ್ತದೆ. ಶಿವಾಜಿನಗರದ ಗಲ್ಲಿಯಲ್ಲಿ ಹುಟ್ಟಿ ಬೆಳೆದ ನನಗೆ ಮಳೆಗಾಲವೆಂದರೆ ಇದೇ ವಾಸನೆ. ಮಣ್ಣಿನ ವಾಸನೆಯ ಬಗ್ಗೆ ಬರೆಯುವವರು ಬರೆದುಕೊಳ್ಳಲಿ, ನಮ್ಮ ಗಲ್ಲಿಯಲ್ಲಿ ಮಣ್ಣೇ ಇಲ್ಲ. ಮೊನ್ನೆ ಆ ವಾಸನೆ ಬಂದದ್ದೇ ನಾನು ಕೆಲಸಕ್ಕೆ ಸೇರಿದ ವರ್ಷದ ಮಳೆಗಾಲ ನೆನಪಾಯಿತು. ಆ ಮಳೆಗಾಲದಲ್ಲಿ ನಾನು ಬರೆದ ಒಂದು ಸೊನ್ನೆಯೂ ನೆನಪಾಯಿತು. ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅರ್ಧ ನಾಚಿಕೆಗೆ, ಅರ್ಧ ಸಿಟ್ಟಿಗೆ.

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಇಂದಿರಾನಗರದ ಒಂದು ಸಣ್ಣ ಕಂಪನಿಗೆ ಸೇರಿದ್ದೆ. ಕೆಳಗೆ ಕಾಫಿ ಅಂಗಡಿ, ಮೇಲೆ ನಾವು. ಆರೇಳು ಕಂಪ್ಯೂಟರು, ಸದಾ ಕೆಟ್ಟಿರುತ್ತಿದ್ದ ಒಂದು ಎ.ಸಿ. ಯಜಮಾನರ ಹೆಸರು ಮುರಳೀಧರ್. ಒಳ್ಳೆಯ ಮನುಷ್ಯರು, ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ರಂಜಾನ್ ತಿಂಗಳಲ್ಲಿ ಕೇಳುವ ಮೊದಲೇ ನನ್ನನ್ನು ನಾಲ್ಕು ಗಂಟೆಗೆ ಮನೆಗೆ ಕಳಿಸುತ್ತಿದ್ದರು. ಅವರಲ್ಲಿದ್ದ ದೋಷ ಒಂದೇ. ಗಡುವು ಹತ್ತಿರ ಬಂದರೆ ಅವರಿಗೆ ಗಡುವಿನ ಹೊರತು ಬೇರೇನೂ ಕಾಣಿಸುತ್ತಿರಲಿಲ್ಲ.

ಆ ವರ್ಷ ನಮಗೆ ಒಂದು ಇಲಾಖೆಯ ಕೆಲಸ ಸಿಕ್ಕಿತ್ತು. ಊರಿನ ಪೂರ್ವಕ್ಕೆ, ಹೊರಮಾವು, ಕೃಷ್ಣರಾಜಪುರದ ಕಡೆ, ಮಳೆ ಬಂದಾಗ ನೀರು ಎಲ್ಲಿ ನುಗ್ಗುತ್ತದೆ, ಎಲ್ಲಿ ಜನಕ್ಕೆ ಹೆಚ್ಚು ಕಷ್ಟ ಎಂದು ತೋರಿಸುವ ನಕ್ಷೆ ಮಾಡಿಕೊಡಬೇಕು. ನಕ್ಷೆಯಲ್ಲಿ ಕೆಂಪಾದ ಜಾಗಗಳನ್ನು ಪಟ್ಟಿ ಮಾಡಿ, ಸೆಪ್ಟೆಂಬರಿನ ದೊಡ್ಡ ಮಳೆಗೆ ಮೊದಲೇ ಅಲ್ಲಿ ರಾಜಕಾಲುವೆಯ ಹೂಳು ತೆಗೆದು, ಪಂಪು ತಂದಿಡುತ್ತಾರೆ. ಹಸಿರಾದ ಜಾಗಕ್ಕೆ ಯಾರೂ ಹೋಗುವುದಿಲ್ಲ. ಅಷ್ಟೇ ನಿಯಮ. ನಾನು ಕುರ್ಚಿಯಲ್ಲಿ ಕುಳಿತು ಬಣ್ಣ ಹಚ್ಚಿದ ಕಡೆ ಪಂಪು ಹೋಗುತ್ತದೆ ಎಂದು ತಿಳಿದಾಗ ನನಗೆ ಭಯವಾಗಬೇಕಿತ್ತು. ಆಗಲಿಲ್ಲ, ಜಂಬ ಬಂತು.

ಈ ನಕ್ಷೆಯನ್ನು ಕೈಯಲ್ಲಿ ಬರೆಯುವುದಲ್ಲ. ಊರನ್ನೆಲ್ಲ ಹತ್ತು ಮೀಟರಿನ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಒಂದೊಂದು ಅಂಕಿ ಕೊಡುವುದು. ನೆಲ ಎಷ್ಟು ತಗ್ಗು ಎನ್ನುವುದಕ್ಕೆ ಒಂದು ಪದರ, ಕಾಲುವೆ ಎಷ್ಟು ಹತ್ತಿರ ಎನ್ನುವುದಕ್ಕೆ ಒಂದು, ಎಷ್ಟು ಮನೆಗಳಿವೆ ಎನ್ನುವುದಕ್ಕೆ ಮತ್ತೊಂದು. ಪದರದ ಮೇಲೆ ಪದರ ಇಟ್ಟರೆ ಚೌಕದ ಮೇಲೆ ಚೌಕ ಸರಿಯಾಗಿ ಕೂರಬೇಕು. ಆಮೇಲೆ ಇರುವುದೇ ನನಗೆ ಹುಚ್ಚು ಹಿಡಿಸಿದ ಸಂಗತಿ. ಆರ್ ಎಂಬ ಒಂದಕ್ಷರದ ಹೆಸರಿನ ತಂತ್ರಾಂಶದಲ್ಲಿ ಇಡೀ ನಕ್ಷೆಯನ್ನೇ ಒಂದು ಅಂಕಿಯ ಹಾಗೆ ಕೂಡಬಹುದು, ಕಳೆಯಬಹುದು, ಗುಣಿಸಬಹುದು. ತಗ್ಗನ್ನು ಮನೆಗಳಿಂದ ಗುಣಿಸು, ಬಂದದ್ದೇ ಅಪಾಯ ಎಂದು ಒಂದು ಸಾಲು ಬರೆದು ಗುಂಡಿ ಒತ್ತಿದರೆ ಸಾಕು. ಬಾಣಸವಾಡಿಯಿಂದ ಕೃಷ್ಣರಾಜಪುರದ ತೂಗುಸೇತುವೆಯ ಆಚೆಯವರೆಗಿನ ಅಷ್ಟೂ ಚೌಕಗಳು ತಮ್ಮ ತಮ್ಮ ಲೆಕ್ಕ ತಾವೇ ಮಾಡಿಕೊಂಡು ಕೆಂಪಾಗುತ್ತವೆ, ಹಳದಿಯಾಗುತ್ತವೆ, ಹಸಿರಾಗುತ್ತವೆ. ಒಂದನೇ ತರಗತಿಯ ಮಗ್ಗಿ ಇಡೀ ಊರಿನ ಮೇಲೆ ನಡೆಯುವುದನ್ನು ನೋಡಿ ಮೊದಲ ದಿನ ನಾನು ಕೂತಲ್ಲೇ ಚಪ್ಪಾಳೆ ಹೊಡೆದಿದ್ದೆ.

ಅಂಕಿ ಸಿಗದ ಚೌಕಕ್ಕೆ ಆರ್ ಇಂಗ್ಲಿಷಿನಲ್ಲಿ ಎನ್, ಎ ಎಂಬ ಎರಡು ಅಕ್ಷರ ಬರೆದಿಡುತ್ತದೆ. ಅದು ಸೊನ್ನೆಯಲ್ಲ. ಸೊನ್ನೆ ಅಂದರೆ ಇಲ್ಲ. ಎನ್ಎ ಅಂದರೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಏನು ಕೂಡಿದರೂ, ಅದನ್ನು ಯಾವುದರಿಂದ ಗುಣಿಸಿದರೂ ಉತ್ತರ ಗೊತ್ತಿಲ್ಲ ಎಂದೇ ಬರುತ್ತದೆ, ಮತ್ತು ನಕ್ಷೆಯಲ್ಲಿ ಆ ಚೌಕ ಬಣ್ಣವಿಲ್ಲದೆ ಬೆಳ್ಳಗೆ ಉಳಿದುಬಿಡುತ್ತದೆ. ಇಷ್ಟು ಪ್ರಾಮಾಣಿಕವಾಗಿ ಗೊತ್ತಿಲ್ಲ ಎನ್ನುವವರನ್ನು ನಾನು ಕಾಲೇಜಿನಲ್ಲೂ ಕಂಡಿರಲಿಲ್ಲ.

ನಮ್ಮ ನಕ್ಷೆಯಲ್ಲಿ ಅಂಥ ಬಿಳಿ ತೂತುಗಳು ಅಲ್ಲಲ್ಲಿ ಬಿದ್ದಿದ್ದವು. ಮನೆಗಳ ಪದರ ಬಂದದ್ದು ಖಾತೆ ಇರುವ ಕಟ್ಟಡಗಳ ಒಂದು ಕಡತದಿಂದ. ಖಾತೆ ಇಲ್ಲದ, ತಂಟೆ ತಕರಾರಿನ ಜಾಗಗಳ ಬಗ್ಗೆ ಕಡತ ಬಾಯಿ ಬಿಟ್ಟಿರಲಿಲ್ಲ. ಜುಲೈ ತಿಂಗಳ ಒಂದು ಮಧ್ಯಾಹ್ನ ಮುರಳೀಧರ್ ಸರ್ ನನ್ನ ಹಿಂದೆ ಬಂದು ನಿಂತು ಪರದೆ ನೋಡಿದರು.

"ಏನಮ್ಮ ರೇಷ್ಮಾ ಇದು, ಇಲಿ ಕಡಿದಂಗಿದೆ?"

"ಮನೆ ಡೇಟಾ ಇಲ್ಲ ಸರ್ ಅಲ್ಲಿ. ಎನ್ಎ."

"ಡೇಟಾ ಇಲ್ಲ ಅಂದ್ರೆ ಮನೆ ಇಲ್ಲ. ಸೊನ್ನೆ ಹಾಕ್ಬಿಡು. ಇಂಥ ಮ್ಯಾಪ್ ಕೊಟ್ರೆ ಹರಿದೋಗಿದೆ ಅಂತ ವಾಪಸ್ ಕಳಿಸ್ತಾರೆ."

ಮನೆಗಳ ಪದರದಲ್ಲಿ ಎನ್ಎ ಇರುವಲ್ಲೆಲ್ಲ ಸೊನ್ನೆ ಹಾಕು ಎಂದು ಒಂದೇ ಒಂದು ಸಾಲು ಬರೆದೆ. ಗುಂಡಿ ಒತ್ತಿದೆ. ತೂತುಗಳೆಲ್ಲ ಮುಚ್ಚಿ ಹಸಿರಾದವು. ಸೊನ್ನೆಯಿಂದ ಗುಣಿಸಿದರೆ ಎಂಥ ತಗ್ಗೂ ಸೊನ್ನೆಯೇ ತಾನೆ. "ಈಗ ನೋಡು, ಎಷ್ಟು ಲಕ್ಷಣವಾಗಿದೆ!" ಎಂದು ಸರ್ ಬೆನ್ನು ತಟ್ಟಿ ಹೋದರು. ನಾನೂ ಹೌದೆಂದುಕೊಂಡು ಕೆಳಗೆ ಹೋಗಿ ಕಾಫಿ ಕುಡಿದು ಬಂದೆ. ಯಾರೋ ಕತ್ತಿನ ಮೇಲೆ ಕೂತು ಬರೆಸಿದ್ದಲ್ಲ ಅದು, ನನ್ನದೇ ಬೆರಳು.

ಆಗಸ್ಟಿನ ಮೊದಲ ವಾರ ಮೂರು ದಿನ ಬಿಡದೆ ಮಳೆ ಹೊಡೆಯಿತು. ಶನಿವಾರ ಸಂಜೆ ಕೆಲಸದಿಂದ ಬಂದವಳು ಅಂಗಡಿಗೆ ಹೋದರೆ ನೀಲಿ ತಾರ್ಪಾಲಿನ ಮೂಲೆ ಖಾಲಿಯಾಗಿತ್ತು. ಅಬ್ಬಾ ಚಹಾ ಹೀರುತ್ತಾ, ಇದ್ದಬದ್ದದ್ದೆಲ್ಲ ಬೆಳಿಗ್ಗೆಯೇ ಹೊರಮಾವಿನವರು ಬಂದು ಒಯ್ದರು ಎಂದರು. ನಾವು ಮನೆಯಲ್ಲಿ ದಖನಿ ಉರ್ದು ಮಾತಾಡುವವರು, ಆದರೆ ಗಿರಾಕಿಗಳ ಸುದ್ದಿ ಹೇಳುವಾಗ ಅಬ್ಬಾ ತಾವಾಗಿಯೇ ಕನ್ನಡಕ್ಕೆ ಬರುತ್ತಾರೆ.

"ರಾಯಚೂರು ಕಡೆ ಜನ. ದೊಡ್ಡ ಅಪಾರ್ಟ್‌ಮೆಂಟ್ ಗೋಡೆ ಇದ್ಯಲ್ಲ, ಅದ್ರ ಹಿಂದ್ಗಡೆ ಶೀಟಿನ ಮನೆ. ಪ್ರತಿ ವರ್ಷ ಬರ್ತಾರೆ ಪಾಪ. ಈ ಸಲ ಸೊಂಟದ ಮಟ ನೀರಂತೆ."

ಯಾವ ಅಪಾರ್ಟ್‌ಮೆಂಟು ಎಂದು ಕೇಳಿದೆ. ಹೆಸರು ಹೇಳಿದರು. ಆ ಗೋಡೆ ನನಗೆ ಚೆನ್ನಾಗಿ ಗೊತ್ತು. ಗೋಡೆಯ ಈಚೆ ಅಪಾರ್ಟ್‌ಮೆಂಟಿನ ಚೌಕಗಳು ಕಡುಗೆಂಪು, ಗೋಡೆಯ ಆಚೆ ಅಚ್ಚ ಹಸಿರು. ಅಂಗಡಿಯ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ತೆರೆದು ನೋಡಿದೆ. ಆ ಹಸಿರಿನ ಕೆಳಗೆ ಮನೆಗಳ ಸಂಖ್ಯೆ ಸೊನ್ನೆ, ಸೊನ್ನೆ, ಸೊನ್ನೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದವರನ್ನು ನಾನು ಜುಲೈ ತಿಂಗಳಲ್ಲೇ ಇಲ್ಲವೆಂದು ಬರೆದಾಗಿತ್ತು.

ಅಬ್ಬಾಗೆ ಹೇಳಿದೆ. ಅವರಿಗೆ ಚೌಕ, ಪದರ ಏನೂ ತಿಳಿಯದು. ಆದರೆ ಅವರ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ಯಾರಾದರೂ ಹದಿನೆಂಟಡಿ, ಇಪ್ಪತ್ತನಾಲ್ಕಡಿ ತಾರ್ಪಾಲು ಇದೆಯೇ ಎಂದು ಕೇಳಿದರೆ ಅಟ್ಟ ಹತ್ತಿ ನೋಡದೆ 'ಇಲ್ಲ' ಎನ್ನುವಂತಿಲ್ಲ. ಮಂಡಿ ನೋವಿದ್ದರೂ ಏಣಿ ಹತ್ತುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ ಲೋಟ ಕೆಳಗಿಟ್ಟರು.

"ನೋಡ್ದೇನೇ ಇಲ್ಲ ಅಂದ್ಬಿಟ್ಯಾ ಬೇಟಾ?"

ಅವರು ಬೈದಿದ್ದರೆ ಸಹಿಸಬಹುದಿತ್ತು. ಆ ಪ್ರಶ್ನೆಯೇ ಚುಚ್ಚಿತು.

ಮಂಗಳವಾರ ರಜೆ ಹಾಕಿ ಹೊರಮಾವಿಗೆ ಹೋದೆ. ರೈಲ್ವೆ ಗೇಟು ದಾಟಿ, ಅಪಾರ್ಟ್‌ಮೆಂಟಿನ ಗೋಡೆ ಹಿಡಿದು ನಡೆದರೆ ಕೊನೆಯಲ್ಲಿ ರಸ್ತೆ ಮುಗಿದು ಕೆಸರು ಶುರುವಾಗುತ್ತದೆ. ನೀರು ಇಳಿದಿತ್ತು. ಗೋಡೆಯ ಆಚೆ, ಎದುರು ಬದುರು ಶೀಟಿನ ಮನೆಗಳ ಸಾಲು. ಮನೆ ಅಂದರೆ ಒಂದೊಂದು ಕೋಣೆ, ಮೇಲೆ ನಮ್ಮ ಅಂಗಡಿಯ ನೀಲಿ. ಎಲ್ಲ ಬಾಗಿಲುಗಳಲ್ಲೂ ಒಂದೇ ಎತ್ತರಕ್ಕೆ ಕೆಸರಿನ ಗೆರೆ, ಯಾರೋ ದಾರ ಹಿಡಿದು ಎಳೆದಂತೆ. ಒಂದು ಬಾಗಿಲ ಮುಂದೆ ಒಬ್ಬ ಹೆಂಗಸು ನೆನೆದ ಜೋಳ ಹರಡುತ್ತಿದ್ದಳು. ನನ್ನ ಕೈಯಲ್ಲಿದ್ದ ಕಾಗದ ನೋಡಿ ಎದ್ದು ನಿಂತಳು.

"ಯಾರ್ರೀ ನೀವು? ಮೀಟರ್ ನೋಡಾಕ ಬಂದೀರೇನು? ಮೀಟರ್ ನೀರಾಗ ಹೋಗ್ಯಾದ ನೋಡ್ರಿ."

ಅವಳ ಹೆಸರು ಶರಣಮ್ಮ. ಲಿಂಗಸುಗೂರಿನ ಹತ್ತಿರದ ಹಳ್ಳಿಯವಳು, ಗಂಡ ಗಾರೆ ಕೆಲಸದವನು. ಅವಳು ಅದೇ ಗೋಡೆಯ ಈಚೆ ಬದಿಯ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸಿ ಮೆಟ್ಟಿಲು ಒರೆಸುತ್ತಿದ್ದಳು. ಅಂದರೆ ಹಗಲೆಲ್ಲ ನನ್ನ ನಕ್ಷೆಯ ಕೆಂಪಿನಲ್ಲಿ ದುಡಿದು ಸಂಜೆ ಹಸಿರಿಗೆ ಬಂದು ಮಲಗುವವಳು. ಜ್ವರವೆಂದು ಆ ದಿನ ಮನೆಯಲ್ಲಿದ್ದಳು. ನಾನು ಯಾಕೆ ಬಂದೆ ಎಂದು ಹೇಳಿದೆ. ಸೊನ್ನೆ ಬರೆದದ್ದು ನಾನೇ ಎಂದು ಮಾತ್ರ ಹೇಳಲಿಲ್ಲ, ಧೈರ್ಯ ಬರಲಿಲ್ಲ.

"ಪಂಪ್ ಕೊಡ್ತಾರೇನ್ರೀ?" ಅವಳು ಕೇಳಿದ್ದು ಅದೊಂದೇ. "ಪಂಪ್ ಒಂದ್ ಇದ್ರ ನೀರು ಮೊಣಕಾಲಿಗೆ ನಿಂದ್ರತದ. ಮೊಣಕಾಲಿಗೆ ನಿಂತ್ರ ಜೋಳ ಉಳೀತಾವ, ಕೂಸುಗಳು ಮಂಚದ ಮ್ಯಾಲ ಮಕ್ಕೋತಾವ. ಸೊಂಟಕ್ಕ ಬಂದ್ರ ಎಲ್ಲಿಗಿ ಹೋಗಬೇಕ್ರೀ ನಾವು?"

ಕೊಡುತ್ತಾರೆ ಎಂದು ನಾನು ಹೇಳುವಂತಿರಲಿಲ್ಲ, ಅದಕ್ಕೆ ಮೊದಲು ಅಂಕಿ ಬೇಕಿತ್ತು. ಎಣಿಸತೊಡಗಿದೆ. ಚೌಕ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಫೋನಿನಲ್ಲಿ ನೋಡಿಕೊಳ್ಳುತ್ತಾ, ತೆರೆದ ಬಾಗಿಲು ಕಂಡರೆ ಮನೆ, ಬೀಗ ಕಂಡರೆ ಖಾಲಿ ಎಂದು ಬರೆದುಕೊಂಡೆ. ಹಿಂದಿನ ಸಾಲಿಗೆ ಹೋಗುವ ದಾರಿಯಲ್ಲಿ ಇನ್ನೂ ನೀರು ನಿಂತಿತ್ತು. ಆ ಸಾಲನ್ನು ಎನ್ಎ ಎಂದೇ ಬಿಟ್ಟು ಬಂದೆ. ಬಸ್ಸಿನಲ್ಲಿ ಕೂತಾಗ ಏನೋ ದೊಡ್ಡ ಸಾಧನೆ ಮಾಡಿದವಳ ಹಾಗೆ ಹಿಗ್ಗಿದ್ದೆ.

ಬುಧವಾರ ಆ ಹಿಗ್ಗು ಇಳಿಯಿತು. ಮುರಳೀಧರ್ ಸರ್ ನನ್ನ ಕಾಗದಗಳನ್ನು ಮುಟ್ಟಲೂ ಇಲ್ಲ.

"ನಾವು ಕಡತದಲ್ಲಿರೋದನ್ನ ಮ್ಯಾಪ್ ಮಾಡೋರು. ಬೀದಿ ಸುತ್ತಿ ಎಣಿಸೋರಲ್ಲ. ಸೋಮವಾರ ಮೀಟಿಂಗ್ ಇದೆ, ಈಗ ಹೋಗಿ ಪದರ ಬದಲಾಯಿಸ್ತೀನಿ ಅಂತೀಯಲ್ಲ."

"ಸರ್, ಅಲ್ಲಿ ಜನ ಇದ್ದಾರೆ. ನಾನು ಕಣ್ಣಾರೆ ನೋಡಿದೀನಿ."

"ಸರಿ, ಸೊನ್ನೆ ಬೇಡ. ಅಕ್ಕಪಕ್ಕದ ಚೌಕಗಳ ಸರಾಸರಿ ತಗೊಂಡು ತುಂಬು. ಅದಕ್ಕೆ ಒಂದು ಸಾಲು ಸಾಕಲ್ವಾ?"

ಸಾಕು. ಅದಕ್ಕೂ ಒಂದೇ ಸಾಲು. ಆದರೆ ಒಂದು ಪಕ್ಕ ಇರುವುದು ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು, ಇನ್ನೊಂದು ಪಕ್ಕ ಮನೆಯೇ ಇಲ್ಲದ ಕಾಲುವೆ. ಸರಾಸರಿ ಹಾಕಿದರೆ ಶರಣಮ್ಮನ ಶೀಟಿನ ಮೇಲೆ ಏಳು ಮಹಡಿ ಎದ್ದು ನಿಲ್ಲುತ್ತವೆ. ಅದನ್ನು ನೋಡಿದ ಯಾರಾದರೂ ನಕ್ಕು ಅಳಿಸಿ ಮತ್ತೆ ಸೊನ್ನೆ ಹಾಕುತ್ತಾರೆ. ಒಂದು ಸುಳ್ಳು ತೆಗೆದು ಇನ್ನೊಂದು ಸುಳ್ಳು ಇಡಲು ನಾನು ಹೊರಮಾವಿನ ಕೆಸರು ತುಳಿದಿರಲಿಲ್ಲ.

"ಹಾಕಲ್ಲ ಸರ್," ಎಂದೆ. "ಸೊನ್ನೆನೂ ಹಾಕಲ್ಲ, ಸರಾಸರಿನೂ ಹಾಕಲ್ಲ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಾನೇ ಇರಲಿ. ಹರಿದೋಗಿದ್ರೆ ಹರಿದೋಗಿರೋ ಮ್ಯಾಪೇ ಕೊಡೋಣ."

ಇಡೀ ಮಹಡಿ ಕೀಬೋರ್ಡ್ ಬಿಟ್ಟು ನಮ್ಮನ್ನೇ ನೋಡುತ್ತಿತ್ತು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಚಿಕ್ಕವಳು ನೀನು, ಬಿಸಿರಕ್ತ. ಹೋಗಿ ನೀರು ಕುಡಿ," ಎಂದರು. ಈ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ನಾನು ನೀರು ಕುಡಿಯಲಿಲ್ಲ.

ಭಾನುವಾರ ಆ ಜಾಗವನ್ನು ದೊಡ್ಡದು ಮಾಡಿ, ಚೌಕಗಳ ಒಳಗೆ ಅಂಕಿ ಕಾಣುವ ಹಾಗೆ ಮುದ್ರಿಸಿಕೊಂಡು ಮತ್ತೆ ಹೊರಮಾವಿಗೆ ಹೋದೆ. ಶರಣಮ್ಮನಿಂದ ಸರಿ ಎನ್ನಿಸಿಕೊಂಡು ಬರೋಣವೆಂದು. ಅವಳ ಜ್ವರ ಬಿಟ್ಟಿತ್ತು. ಹೊಸಿಲ ಮೇಲೆ ಕೂತು ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡಳು. ಏಳನೆಯವರೆಗೆ ಓದಿದವಳು, ಗೋಡೆ ಇದು, ಕಾಲುವೆ ಇದು, ನಿಮ್ಮ ಸಾಲು ಇದು ಎಂದು ನಾನು ಒಂದು ಸಲ ತೋರಿಸಿದ್ದೇ ಬೆರಳಿಟ್ಟು ತಾನೇ ಓದುತ್ತಾ ಹೋದಳು. ಹಿಂದಿನ ಸಾಲಿನ ಹತ್ತಿರ ಬೆರಳು ನಿಂತಿತು.

"ಎನ್, ಎ. ನಾ." ಮತ್ತೊಂದು ಚೌಕ. "ನಾ." ಮತ್ತೊಂದು. "ಇಲ್ಲೆಲ್ಲ ನಾ, ನಾ ಅಂತ ಬರ್ದದಲ್ರೀ. ನಾ ಅಂದ್ರ ಯಾರು?"

ಅವಳ ಊರಿನ ಕಡೆ ನಾ ಅಂದರೆ ನಾನು. ನನಗೆ ನಗು ತಡೆಯಲಾಗಲಿಲ್ಲ. ಅದು ಇಂಗ್ಲಿಷ್ ಅಕ್ಕಾ, ಗೊತ್ತಿಲ್ಲ ಅಂತ ಅರ್ಥ, ಅಲ್ಲಿ ಯಾರಿದ್ದಾರೋ ನಂಗೆ ಗೊತ್ತಾಗಲಿಲ್ಲ ಅಂತ, ಎಂದು ವಿವರಿಸಿದೆ. ಅವಳು ನಗಲಿಲ್ಲ.

"ಹಂಗಾದ್ರ ಅದು ಛಲೋ ಅದ. ನಾ ಅಂದ್ರ ಒಳಗ ಯಾರೋ ಒಬ್ರು ಅದಾರ, ನೀವು ಕೇಳಿಲ್ಲ ಅಷ್ಟ." ಬೆರಳನ್ನು ತನ್ನದೇ ಸಾಲಿಗೆ ತಂದಳು. "ಇಲ್ಲಿ ಸೊನ್ನಿ ಯಾಕ ಬರ್ದೀರಿ? ಇದು ನಮ್ಮ ಹಣಮವ್ವನ ಮನಿ. ಈ ಬಾಜು ದುರ್ಗಪ್ಪಂದು."

"ಅವತ್ತು ಬೀಗ ಹಾಕಿತ್ತಲ್ಲ ಅಕ್ಕಾ. ಖಾಲಿ ಅಂದ್ಕೊಂಡೆ."

ಶರಣಮ್ಮ ನನ್ನ ಮುಖವನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ.

"ಬೀಗ ಹಾಕಿದ್ರ ಮನಿ ಖಾಲಿ ಅಂತೇನ್ರೀ? ಮಂಗಳವಾರ ಹನ್ನೊಂದ ಗಂಟೇಕ ಯಾರ ಇರ್ತಾರ ಮನ್ಯಾಗ? ದುಡ್ಯಾಕ ಹೋಗ್ಯಾರ. ದುಡ್ಯಾಕ ಅಲ್ಲಂದ್ರ ಈ ಊರಿಗಿ ಯಾಕ ಬರ್ತಿದ್ವಿ ನಾವು?"

ಮುರಳೀಧರ್ ಸರ್ ಕುರ್ಚಿಯಲ್ಲಿ ಕೂತು ಮಾಡಿದ್ದನ್ನೇ ನಾನು ಕೆಸರಿನಲ್ಲಿ ನಿಂತು ಮಾಡಿದ್ದೆ. ಅಷ್ಟು ದಿನ ಸಿಟ್ಟು ಮಾಡಿಕೊಂಡು, ಇಡೀ ಮಹಡಿಯ ಎದುರು ಎದೆಯುಬ್ಬಿಸಿ ಮಾತಾಡಿ, ಕೊನೆಗೆ ಬೀಗ ನೋಡಿ ಸೊನ್ನೆ ಬರೆದು ಬಂದಿದ್ದೆ. ತಲೆ ತಗ್ಗಿಸಿ, ಮೊದಲ ಸೊನ್ನೆಯೂ ನನ್ನದೇ ಎಂದು ಅವತ್ತು ಅವಳಿಗೆ ಹೇಳಿಬಿಟ್ಟೆ. ಅವಳು ಬೈಯುತ್ತಾಳೆಂದು ಕಾದೆ. "ಏಳ್ರಿ ಮತ್ತ, ಇವತ್ತ ಐತವಾರ, ಎಲ್ಲಾರೂ ಅದಾರ," ಎಂದು ಸೀರೆ ಎತ್ತಿ ಕಟ್ಟಿಕೊಂಡು ಮುಂದೆ ನಡೆದಳು.

ಅವತ್ತು ನಾವಿಬ್ಬರೂ ಬಾಗಿಲು ಬಾಗಿಲಿಗೆ ಹೋದೆವು. ಮಂಗಳವಾರ ಬೀಗವಿದ್ದ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು, ಒಲೆಯ ಹೊಗೆ, ಒಣಗಲು ಹಾಕಿದ ಹಾಸಿಗೆ. ಒಂದು ಕೋಣೆಯಲ್ಲಿ ಆರು ಜನ, ಇನ್ನೊಂದರಲ್ಲಿ ಹಸುಗೂಸಿನ ಬಾಣಂತಿ. ಹಿಂದಿನ ಸಾಲಿಗೆ ಹಲಗೆ ಹಾಸಿ ದಾಟಿಸಿದರು. ಯಾರೋ ಚಹಾ ಕೊಟ್ಟರು, ಯಾರೋ ನನ್ನ ಹೆಸರು, ಮನೆ ಕೇಳಿ, "ತಾಡಪತ್ರಿ ಸಾಬರ ಮಗಳಾ ನೀವು?" ಎಂದು ಗುರುತು ಹಿಡಿದರು. ನಮ್ಮ ತಾರ್ಪಾಲು ಅವರ ಬಾಯಲ್ಲಿ ತಾಡಪತ್ರಿ. ಸಂಜೆಯ ಹೊತ್ತಿಗೆ ನನ್ನ ಕಾಗದದಲ್ಲಿ ಒಂದು ಎನ್ಎ ಕೂಡ ಉಳಿದಿರಲಿಲ್ಲ. ಮೂರು ಕಡೆ ಸೊನ್ನೆ ಉಳಿದಿತ್ತು. ಆ ಮೂರೂ ಬರಿ ಕಟ್ಟಿಗೆ ಒಟ್ಟುವ ಜಾಗಗಳೆಂದು ಒಳಗೆ ಹೋಗಿ ನೋಡಿ ಬರೆದ ಸೊನ್ನೆಗಳು.

ಸೋಮವಾರ ಮೀಟಿಂಗು ನಡೆದದ್ದು ಹಲಸೂರಿನ ಒಂದು ಕಚೇರಿಯಲ್ಲಿ. ಮೇಜಿನ ತುದಿಯಲ್ಲಿ ಇಲಾಖೆಯ ಎಂಜಿನಿಯರ್ ಮೇಡಂ. ನಿವೃತ್ತಿ ಹತ್ತಿರವಿದ್ದ, ಕಡಿಮೆ ಮಾತಿನ ಹೆಂಗಸು. ಭಾನುವಾರ ರಾತ್ರಿ ನಾನು ಕಳಿಸಿದ್ದ ಹೊಸ ನಕ್ಷೆಯನ್ನು ಸರ್ ತೆರೆದೇ ನೋಡಿರಲಿಲ್ಲ. ಗೋಡೆಯ ಮೇಲೆ ಬಿದ್ದದ್ದು ಹಳೆಯದೇ, ಲಕ್ಷಣವಾದದ್ದು, ಒಂದೂ ತೂತಿಲ್ಲದ್ದು. ಮೇಡಂ ಪೆನ್ನಿನಿಂದ ತೋರಿಸಿದರು.

"ಈ ಗೋಡೆ ಪಕ್ಕ ತಗ್ಗು ಜಾಗ ಅಲ್ವಾ? ಹಸಿರಿದ್ಯಲ್ಲ. ಯಾರೂ ಇಲ್ವಾ ಅಲ್ಲಿ?"

"ಇಲ್ಲ ಮೇಡಂ. ಖಾಲಿ ಜಾಗ," ಎಂದರು ಸರ್.

ಅವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾದದ್ದು. ನಕ್ಷೆ ನೋಡಿ ಅದರಲ್ಲಿದ್ದದ್ದನ್ನು ಓದುತ್ತಿದ್ದರು. ನಾನು ಎದ್ದು ನಿಂತೆ.

"ಇದ್ದಾರೆ ಮೇಡಂ. ಆ ಸೊನ್ನೆ ಬರ್ದಿದ್ದು ನಾನು. ನೋಡ್ದೆ ಬರ್ದೆ. ನಿನ್ನೆ ಹೋಗಿ ನೋಡ್ಕೊಂಡು ಬಂದೆ."

"ರೇಷ್ಮಾ, ಕೂತ್ಕೋ," ಎಂದರು ಸರ್ ಮೆಲ್ಲಗೆ.

ಕೂರಲಿಲ್ಲ. ನನ್ನ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿಕೊಂಡೆ. ಎರಡು ಸಲ ತಪ್ಪು ಟೈಪ್ ಮಾಡಿದೆ. ಮೂರನೇ ಸಲ ಸರಿಯಾಯಿತು. ಅದೇ ತಗ್ಗು, ಅದೇ ಗುಣಾಕಾರ, ಮನೆಗಳ ಪದರ ಮಾತ್ರ ಹೊಸದು. ಗುಂಡಿ ಒತ್ತಿದೆ. ಗೋಡೆಯ ಆಚೆಯ ಹಸಿರು ಅಲ್ಲಿದ್ದವರೆಲ್ಲರ ಕಣ್ಣೆದುರು ಕೆಂಪಾಯಿತು, ಅಪಾರ್ಟ್‌ಮೆಂಟಿಗಿಂತ ಕೆಂಪು.

ಮೇಡಂ ಮುಂದೆ ಬಾಗಿ ನೋಡಿದರು. "ಇದಕ್ಕೆ ಆಧಾರ ಏನಮ್ಮ? ನಾನು ನಡ್ಕೊಂಡು ಎಣಿಸಿದೆ ಅಂದ್ರೆ ಫೈಲಲ್ಲಿ ನಿಲ್ಲಲ್ಲ."

"ನೀವೇ ಬಂದು ಎಣಿಸಿ ಮೇಡಂ. ನಿಮ್ಮ ಕೈಬರಹ ಫೈಲಲ್ಲಿ ನಿಲ್ಲತ್ತಲ್ಲ?"

ಇಂಥ ಮಾತು ನನ್ನ ಬಾಯಿಂದ ಹೇಗೆ ಬಂತೋ. ಮುರಳೀಧರ್ ಸರ್ ಕಣ್ಣು ಮುಚ್ಚಿಕೊಂಡರು. ಮೇಡಂ ಡೈರಿ ತೆರೆದರು. "ಗುರುವಾರ ಹನ್ನೊಂದಕ್ಕೆ ಬರ್ತೀನಿ. ಒಂದೇ ಸಲ. ಮನೆಗಳಲ್ಲಿ ಜನ ಇದ್ರೆ ಪಟ್ಟಿಗೆ ಸೇರಿಸ್ತೀನಿ, ಇಲ್ದಿದ್ರೆ ಇವರ ಮ್ಯಾಪೇ ಫೈನಲ್."

ಮೆಟ್ಟಿಲು ಇಳಿಯುವಾಗ ಸರ್ ನನ್ನನ್ನು ನಾಳೆಯಿಂದ ಬರಬೇಡವೆಂದರು. ಕೂಗಾಡಲಿಲ್ಲ. "ನೀನು ಹೇಳಿದ್ದು ತಪ್ಪು ಅಂತಲ್ಲ. ಆದ್ರೆ ನನ್ನ ಜೊತೆ ಕೂತ್ಕೊಂಡು ನನ್ನ ಎದುರಿಗೇ ಎದ್ದು ನಿಂತ್ರೆ ಹೇಗೆ ಕೆಲ್ಸ ಮಾಡೋದು?" ನಾನು ಬ್ಯಾಗು ಏರಿಸಿಕೊಂಡು ಹಲಸೂರಿನಿಂದ ಶಿವಾಜಿನಗರದವರೆಗೆ ನಡೆದೇ ಹೋದೆ, ಮಳೆಯಲ್ಲಿ, ಕೊಡೆ ಇದ್ದರೂ ಬಿಚ್ಚದೆ. ಅಳುತ್ತಿದ್ದೆ ಎಂದು ಯಾರಿಗೂ ಗೊತ್ತಾಗದಿರಲಿ ಎಂದು. ಅಬ್ಬಾ ಸುದ್ದಿ ಕೇಳಿ, "ಚಲ್, ಅಟ್ಟ ಹತ್ತು, ಹದಿನೆಂಟಡಿದು ಇದ್ಯಾ ನೋಡು," ಎಂದಷ್ಟೇ ಹೇಳಿದರು. ಸಮಾಧಾನ ಮಾಡಲು ಅವರಿಗೆ ಬೇರೆ ಬಗೆ ಗೊತ್ತಿರಲಿಲ್ಲ.

ಏಣಿಯ ಮೇಲಿದ್ದಾಗ ನನಗೆ ಥಟ್ಟನೆ ಹೊಳೆಯಿತು. ಗುರುವಾರ, ಹನ್ನೊಂದು ಗಂಟೆ. ಆ ಹೊತ್ತಿಗೆ ಎರಡೂ ಸಾಲುಗಳಲ್ಲಿ ಬೀಗ ನೇತಾಡುತ್ತಿರುತ್ತವೆ. ನಾನು ಮಂಗಳವಾರ ಕಂಡದ್ದನ್ನೇ ಮೇಡಂ ಕಾಣುತ್ತಾರೆ, ನಾನು ಬರೆದದ್ದನ್ನೇ ಬರೆಯುತ್ತಾರೆ, ಈ ಸಲ ಸರ್ಕಾರಿ ಪೆನ್ನಿನಲ್ಲಿ. ಶರಣಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರಜೆ ಹಾಕಿ ಎಂದು ಮಾತ್ರ ಕೇಳಲಿಲ್ಲ. ದಿನದ ಕೂಲಿಯವರಿಗೆ ರಜೆ ಎನ್ನುವುದೇ ಇಲ್ಲ, ಒಂದು ದಿನ ಬಾರದಿದ್ದರೆ ಮರುದಿನ ಬೇರೆಯವರು ಆ ಪೊರಕೆ ಹಿಡಿದಿರುತ್ತಾರೆ. ಅವಳು ಎಲ್ಲ ಕೇಳಿಸಿಕೊಂಡು, "ಆತ್ರಿ ಬಿಡ್ರಿ," ಎಂದು ಫೋನ್ ಇಟ್ಟಳು. ಅದು ಸರಿ ಎಂದೋ, ಇಷ್ಟೇ ನಮ್ಮ ಹಣೆಬರಹ ಎಂದೋ ನನಗೆ ತಿಳಿಯಲಿಲ್ಲ.

ಆಮೇಲೆ ಏನಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ಸೆಪ್ಟೆಂಬರಿನ ಮಳೆಗೆ ಮೊದಲೇ ಪಂಪು ಬಂತು. ಕಾಲುವೆಯ ಹೂಳು ತೆಗೆದರು, ಅರ್ಧಂಬರ್ಧ. ನೀರು ಆ ವರ್ಷ ಮೊಣಕಾಲಿಗೇ ನಿಂತಿತು. ನನಗೆ ಆರು ತಿಂಗಳು ಕೆಲಸ ಸಿಗಲಿಲ್ಲ. ಈಗ ಅಂಗಡಿಯ ಅಟ್ಟದ ಮೇಲೆ ಮೇಜು ಹಾಕಿಕೊಂಡು ಕೇಳಿದವರಿಗೆ ನಕ್ಷೆ ಮಾಡಿಕೊಡುತ್ತೇನೆ. ತೂತಿರುವ ನಕ್ಷೆ ಬೇಡ ಎನ್ನುವವರಿಗೆ ಇಳಿದು ಹೋಗಲು ಏಣಿ ತೋರಿಸುತ್ತೇನೆ. ಇದನ್ನೆಲ್ಲ ಮೊದಲೇ ಹೇಳಿದ್ದು ಯಾಕೆಂದರೆ, ಆ ವರ್ಷದಲ್ಲಿ ನಾನು ಉಳಿಸಿಕೊಂಡಿರುವುದು ಪಂಪಿನ ನೆನಪಲ್ಲ, ಆ ಗುರುವಾರದ್ದು.

ಹತ್ತೂಮುಕ್ಕಾಲಿಗೇ ಹೋಗಿ ಗೋಡೆಯ ತುದಿಯಲ್ಲಿ ನಿಂತಿದ್ದೆ. ಒಳಗೆ ಹೋಗಿ ಬೀಗಗಳನ್ನು ನೋಡುವ ಧೈರ್ಯವಿರಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಜೀಪು ಬಂತು. ಮೇಡಂ ಇಳಿದು, ಕೆಸರು ನೋಡಿ ಸೀರೆಯ ನೆರಿಗೆ ಎತ್ತಿಕೊಂಡು, ನನ್ನತ್ತ ತಲೆಯಾಡಿಸಿ ಮುಂದೆ ನಡೆದರು. ನಾನು ಹಿಂದೆ ಹೋದೆ. ತಿರುವು ದಾಟಿದೆವು.

ಅಲ್ಲಿ ಒಂದೂ ಬೀಗ ಇರಲಿಲ್ಲ. ಎರಡೂ ಸಾಲಿನ ಅಷ್ಟೂ ಬಾಗಿಲು ತೆರೆದಿದ್ದವು, ಅಷ್ಟೂ ಬಾಗಿಲಲ್ಲಿ ಜನ ನಿಂತಿದ್ದರು. ಹೆಂಗಸರು, ಗಂಡಸರು, ಸಿಮೆಂಟು ಮೆತ್ತಿದ ಪ್ಯಾಂಟಿನವರು, ಅಪಾರ್ಟ್‌ಮೆಂಟಿನ ನೀಲಿ ಏಪ್ರನ್ ತೊಟ್ಟವರು, ಕೂಸು ಎತ್ತಿಕೊಂಡ ಬಾಣಂತಿ. ಹಿಂದಿನ ಸಾಲಿನವರು ಹಲಗೆಯ ಆಚೆ ಸಾಲಾಗಿ ನಿಂತಿದ್ದರು. ಯಾರೂ ಕೈ ಮುಗಿಯಲಿಲ್ಲ, ಯಾರೂ ಗೋಳು ಹೇಳಿಕೊಳ್ಳಲಿಲ್ಲ. ಮದುವೆಯ ಫೋಟೋಗೆ ನಿಂತವರ ಹಾಗೆ ನೆಟ್ಟಗೆ ನಿಂತಿದ್ದರು.

ಮೇಡಂ ನಿಂತಲ್ಲೇ ನಿಂತರು. "ಇವತ್ತು ಯಾರೂ ಕೆಲಸಕ್ಕೆ ಹೋಗಿಲ್ವಾ?" ಎಂದು ಕೇಳಿದರು.

"ಇಲ್ರೀ," ಎಂದಳು ಶರಣಮ್ಮ. "ಹೋಗಿದ್ರ, ನಾವು ಇಲ್ಲಂತ ಬರ್ಕೊಂಡು ಹೋಗ್ತಿದ್ರಿ."

ಮೇಡಂ ಪೆನ್ನಿನ ಮುಚ್ಚಳ ತೆಗೆದು, ಮೊದಲ ಬಾಗಿಲ ಹತ್ತಿರ ಹೋಗಿ, "ಹೆಸರು ಹೇಳಮ್ಮ," ಎಂದರು.